ಬೂದಿಯ ಗುರ್‌ಗುರ್ ಮತ್ತು ಗೋಣಿಚೀಲ

ಕಿವಿ ಎರಡೂ ಇಲ್ಲಿ ಕೊಡಿ. ಬಾಯಿ ಊಟಕ್ಕೆ ಇಟ್ಟುಕೊಳ್ಳಿ.

ಕಡಲ ದಂಡೆಯ ಒಂದು ಊರು. ಊರಲ್ಲಿ ಕಮಲಾಕ್ಷಮ್ಮನ ಮನೆ. ಮನೆಯಲ್ಲಿ ಒಂದು ಬೆಕ್ಕು. ಬೂದಿ ಬಣ್ಣ, ಬೂದಿ ಹೆಸರು.

ಬೂದಿಗೆ ಮೊದಲೆಲ್ಲ ಬೆಳಿಗ್ಗೆ ಒಣಮೀನಿನ ಚೂರು. ಕಟುಂ ಕುಟುಂ. ಸಂಜೆ ಮೀನುಸಾರು ಕಲಸಿದ ಅನ್ನ. ಲೊಚ ಲೊಚ. ಆಮೇಲೆ ತೊಟ್ಟಿಲಲ್ಲಿ, ಮನೆಯ ಪಾಪುವಿನ ಕಾಲ ಬುಡದಲ್ಲಿ ಮಲಗುವುದು. ಗುರ್‌ಗುರ್ ಅನ್ನುವುದು. ಗುರ್‌ಗುರ್ ಕೇಳಿದರೆ ಪಾಪುವಿಗೆ ನಿದ್ದೆ.

ಆಗ ಮನೆಗೆ ಟೈಲ್ಸ್ ಬಂತು. ಬಿಳಿ ಟೈಲ್ಸ್, ಮುಖ ಕಾಣುವ ಟೈಲ್ಸ್. ಕಮಲಾಕ್ಷಮ್ಮ ದಿನವಿಡೀ ಬಗ್ಗಿ ಅದರಲ್ಲಿ ತನ್ನ ಮುಖವನ್ನೇ ನೋಡಿದಳು. ನೋಡುವಂಥದ್ದು ಏನಿತ್ತೋ ಅವಳಿಗೇ ಗೊತ್ತು.

"ಸಾರು ಚೆಲ್ಲಿದರೆ ಟೈಲ್ಸ್ ಹಾಳು," ಅಂದಳು. "ಈ ಮನೆಯಲ್ಲಿ ಬೆಕ್ಕಿಗೆ ಇನ್ನು ಹಸಿಯದು, ಒದ್ದೆಯದು ಇಲ್ಲ."

ಪೇಟೆಯಿಂದ ಒಂದು ಪಾಕೀಟು ತಂದಳು. ಬೆಕ್ಕಿನ ಬಿಸ್ಕತ್ತು. ಪಾಕೀಟಿನ ಮೇಲೆ ಕೆಂಪು ಪಟ್ಟಿ ಕಟ್ಟಿದ ಬೆಕ್ಕಿನ ಚಿತ್ರ. ಬೆಳಿಗ್ಗೆ ಬಿಸ್ಕತ್ತು. ಮಧ್ಯಾಹ್ನ ಬಿಸ್ಕತ್ತು. ಸಂಜೆ ಬಿಸ್ಕತ್ತು. ಪಕ್ಕದಲ್ಲಿ ಒಂದು ಬಟ್ಟಲು ನೀರು. ಬೆಕ್ಕು ಎಂದಾದರೂ ಬೇಕಾದಷ್ಟು ನೀರು ಕುಡಿದದ್ದು ಉಂಟೇ? ಮೂಗು ಒದ್ದೆಯಾದರೆ ಸೀನುತ್ತದೆ, ಹೋಗುತ್ತದೆ. ಅದಕ್ಕೆ ನೀರು ಊಟದ ಒಳಗೇ ಬೇಕು. ಊರ ಮಕ್ಕಳಿಗೂ ಗೊತ್ತು. ಕಮಲಾಕ್ಷಮ್ಮನಿಗೆ ಗೊತ್ತಿಲ್ಲ.

ಬೂದಿಯ ಗಂಟಲು ಒಣಗಿತು. ಒಂದು ರಾತ್ರಿ ಗುರ್‌ಗುರ್ ಅನ್ನಲು ಹೋದಳು. ಕರ್ ಅಂತು. ಮತ್ತೆ ಅಂದಳು. ಕರ್. ಅಷ್ಟೇ. ಗುರ್‌ಗುರ್ ಹೋಯಿತು.

ಪಾಪು ಅತ್ತಿತು. ಬೆಳಗಿನ ತನಕ ಅತ್ತಿತು.

ಕಮಲಾಕ್ಷಮ್ಮ ಮೊಳೆಯಿಂದ ಗೋಣಿಚೀಲ ತೆಗೆದಳು. "ಗುರ್‌ಗುರ್ ಅನ್ನದ ಬೆಕ್ಕು ನಮಗೆ ಎಂಥಕ್ಕೆ? ದೀಪ ಹಚ್ಚುವ ಹೊತ್ತಿನೊಳಗೆ ಗುರ್‌ಗುರ್ ಬರದಿದ್ದರೆ ಚೀಲದಲ್ಲಿ ಹಾಕಿ ಹೊಳೆಯ ಆಚೆ ಬಿಡುವುದು." ಅಂದು, ಬಟ್ಟಲಿಗೆ ಇನ್ನೊಂದು ಹಿಡಿ ಬಿಸ್ಕತ್ತು ಸುರಿದಳು. ಬುದ್ಧಿವಂತೆ.

ಬೂದಿ ಕಿಟಕಿ ಹಾರಿದಳು. ಮೀನು ಮಾರುವ ಮಾಸ್ತಮ್ಮನ ಹತ್ತಿರ ಹೋದಳು.

"ಮಾಸ್ತಕ್ಕ, ಮಾಸ್ತಕ್ಕ,
ಬಂಗಡೆ ಕೊಯ್ದರೆ ತಲೆ ನನಗೆ.
ತಲೆ ತಿಂದರೆ ಗಂಟಲು ಹಸಿ.
ಗಂಟಲು ಹಸಿಯಾದರೆ ಗುರ್‌ಗುರ್.
ಗುರ್‌ಗುರ್ ಅಂದರೆ ಪಾಪು ನಿದ್ದೆ.
ಪಾಪು ಮಲಗಿದರೆ ನನಗೆ ಚೀಲವಿಲ್ಲ."

"ಕೊಯ್ಯುವುದು ಯಾವುದರಲ್ಲಿ?" ಅಂದಳು ಮಾಸ್ತಮ್ಮ. "ಕತ್ತಿ ಮೊಂಡು. ನಿನ್ನೆ ಅದರಲ್ಲಿ ತೆಂಗಿನಕಾಯಿ ಒಡೆದೆ."

ಮೀನಿನ ಕತ್ತಿಯಲ್ಲಿ ಯಾರಾದರೂ ಕಾಯಿ ಒಡೆಯುತ್ತಾರೆಯೇ? ಮಾಸ್ತಮ್ಮ ಒಡೆಯುತ್ತಾಳೆ.

"ಹಾಗಾದರೆ ಇಡೀ ಬಂಗಡೆ ಕೊಡು," ಅಂದಳು ಬೂದಿ.

"ಇಡೀ ಬಂಗಡೆ ಕೊಡಲು ನೀನೇನು ನನ್ನ ಅತ್ತೆಯಾ? ಸಾಣೆಯವನನ್ನು ಕೇಳು. ಹೋಗೇ ಬೂದಿ, ಹೋಗು."

ಬೂದಿ ಹೋದಳು. ಸಾಣೆ ಹಿಡಿಯುವ ದಾವಲಣ್ಣ ಸೈಕಲ್ಲು ನಿಲ್ಲಿಸಿಕೊಂಡು ಕೂತಿದ್ದ.

"ದಾವಲಣ್ಣ, ದಾವಲಣ್ಣ,
ಸಾಣೆ ತಿರುಗಿದರೆ ಕತ್ತಿ ಹರಿತ.
ಕತ್ತಿ ಹರಿತವಾದರೆ ಬಂಗಡೆ.
ಬಂಗಡೆ ಕೊಯ್ದರೆ ತಲೆ ನನಗೆ.
ತಲೆ ತಿಂದರೆ ಗಂಟಲು ಹಸಿ.
ಗಂಟಲು ಹಸಿಯಾದರೆ ಗುರ್‌ಗುರ್.
ಗುರ್‌ಗುರ್ ಅಂದರೆ ಪಾಪು ನಿದ್ದೆ.
ಪಾಪು ಮಲಗಿದರೆ ನನಗೆ ಚೀಲವಿಲ್ಲ."

"ಸಾಣೆಕಲ್ಲು ಒಣಗಿದೆ," ಅಂದ ದಾವಲಣ್ಣ. "ಒಣಗಲ್ಲಿಗೆ ಕತ್ತಿ ಕೊಟ್ಟರೆ ಕಿಡಿ ಬರುತ್ತದೆ, ಹರಿತ ಬರುವುದಿಲ್ಲ. ನೀರಿನ ಡಬ್ಬ ಖಾಲಿ."

"ಬೆಳಿಗ್ಗೆ ತುಂಬಿತ್ತಲ್ಲ?"

"ಸೈಕಲ್ಲು ತೊಳೆದೆ."

ಸೈಕಲ್ಲು ಫಳಫಳ. ಸಾಣೆ ಒಣಒಣ. ಇವನಿಗೂ ಕಮಲಾಕ್ಷಮ್ಮನಿಗೂ ಒಂದೇ ಮನೆದೇವರು ಇರಬೇಕು.

"ಬಾವಿಯನ್ನು ಕೇಳು. ಹೋಗೇ ಬೂದಿ, ಹೋಗು."

ಬೂದಿ ಹೋದಳು. ಬಾವಿಯ ಕಟ್ಟೆ ಹತ್ತಿ ಒಳಗೆ ಬಗ್ಗಿದಳು.

"ಬಾವಿಯಮ್ಮ, ಬಾವಿಯಮ್ಮ,
ನೀರು ಸಿಕ್ಕರೆ ಸಾಣೆ ತಿರುಗುತ್ತದೆ.
ಸಾಣೆ ತಿರುಗಿದರೆ ಕತ್ತಿ ಹರಿತ.
ಕತ್ತಿ ಹರಿತವಾದರೆ ಬಂಗಡೆ.
ಬಂಗಡೆ ಕೊಯ್ದರೆ ತಲೆ ನನಗೆ.
ತಲೆ ತಿಂದರೆ ಗಂಟಲು ಹಸಿ.
ಗಂಟಲು ಹಸಿಯಾದರೆ ಗುರ್‌ಗುರ್.
ಗುರ್‌ಗುರ್ ಅಂದರೆ ಪಾಪು ನಿದ್ದೆ.
ಪಾಪು ಮಲಗಿದರೆ ನನಗೆ ಚೀಲವಿಲ್ಲ."

"ನೀರು ಬೇಕಾದಷ್ಟಿದೆ," ಅಂತು ಬಾವಿ. ತಳದಿಂದ ಅಂತು. ದೊಡ್ಡವರ ಹಾಗೆ ಗಂಟಲು ದಪ್ಪ ಮಾಡಿ ಅಂತು. "ಹಗ್ಗ ಹರಿದು ಹೋಗಿದೆ. ನೀರು ಮೇಲೆ ಬರುವುದು ಹೇಗೆ? ಮೆಟ್ಟಿಲು ಹತ್ತಿಕೊಂಡು ನಾನೇ ಬರಬೇಕೋ?"

ಕೊಡ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿತ್ತು. ಅದಕ್ಕೆ ಬೇರೆ ಕೆಲಸ ಬರುವುದಿಲ್ಲ.

"ಹಗ್ಗದ ಅಜ್ಜಿಯನ್ನು ಕೇಳು. ಹೋಗೇ ಬೂದಿ, ಹೋಗು."

ಬೂದಿ ಹೋದಳು. ಹಗ್ಗ ಹೊಸೆಯುವ ಸಣ್ಕೂಸಜ್ಜಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದಳು.

"ಅಜ್ಜಿ, ಅಜ್ಜಿ,
ಹಗ್ಗ ಹೊಸೆದರೆ ನೀರು ಮೇಲೆ.
ನೀರು ಸಿಕ್ಕರೆ ಸಾಣೆ ತಿರುಗುತ್ತದೆ.
ಸಾಣೆ ತಿರುಗಿದರೆ ಕತ್ತಿ ಹರಿತ.
ಕತ್ತಿ ಹರಿತವಾದರೆ ಬಂಗಡೆ.
ಬಂಗಡೆ ಕೊಯ್ದರೆ ತಲೆ ನನಗೆ.
ತಲೆ ತಿಂದರೆ ಗಂಟಲು ಹಸಿ.
ಗಂಟಲು ಹಸಿಯಾದರೆ ಗುರ್‌ಗುರ್.
ಗುರ್‌ಗುರ್ ಅಂದರೆ ಪಾಪು ನಿದ್ದೆ.
ಪಾಪು ಮಲಗಿದರೆ ನನಗೆ ಚೀಲವಿಲ್ಲ."

"ತೆಂಗಿನ ನಾರು ಅಂಗಳದಲ್ಲಿ ಹರಡಿದ್ದೇನೆ," ಅಂದಳು ಅಜ್ಜಿ. "ನೀರಲ್ಲಿ ನೆನೆಸಿ ಆಯಿತು. ಬಿಸಿಲಲ್ಲಿ ಒಣಗಿಸಿ ಆಯಿತು. ಆದರೆ ಅದರ ಮೇಲೆ ಡೊಳ್ಳ ಬಿದ್ದಿದ್ದಾನೆ."

ಡೊಳ್ಳ ಅಂದರೆ ಮೀನುಪೇಟೆಯ ನಾಯಿ. ಹೊಟ್ಟೆ ಮುಂದೆ, ಡೊಳ್ಳ ಹಿಂದೆ.

"ಎಬ್ಬಿಸು ಅಜ್ಜಿ."

"ಪೊರಕೆ ಎಸೆದೆ. ತಲೆಯ ಕೆಳಗೆ ಇಟ್ಟುಕೊಂಡು ಮಲಗಿದ. ನೀನೇ ಕೇಳು ಮಾರಾಯ್ತಿ. ಹೋಗೇ ಬೂದಿ, ಹೋಗು."

ಬೆಕ್ಕು ನಾಯಿಯ ಹತ್ತಿರ ಹೋಗುತ್ತದೆಯೇ? ಹೋಗುವುದಿಲ್ಲ. ಬೂದಿ ಆಕಾಶ ನೋಡಿದಳು. ಬಿಸಿಲು ತೆಂಗಿನ ತಲೆಯಿಂದ ಇಳಿಯುತ್ತಿತ್ತು. ಚೀಲ ನೆನಪಾಯಿತು. ಹೋದಳು.

"ಡೊಳ್ಳಣ್ಣ, ಡೊಳ್ಳಣ್ಣ,
ನೀನು ಎದ್ದರೆ ನಾರು ಅಜ್ಜಿಗೆ.
ನಾರು ಸಿಕ್ಕರೆ ಹಗ್ಗ.
ಹಗ್ಗ ಹೊಸೆದರೆ ನೀರು ಮೇಲೆ.
ನೀರು ಸಿಕ್ಕರೆ ಸಾಣೆ ತಿರುಗುತ್ತದೆ.
ಸಾಣೆ ತಿರುಗಿದರೆ ಕತ್ತಿ ಹರಿತ.
ಕತ್ತಿ ಹರಿತವಾದರೆ ಬಂಗಡೆ.
ಬಂಗಡೆ ಕೊಯ್ದರೆ ತಲೆ ನನಗೆ.
ತಲೆ ತಿಂದರೆ ಗಂಟಲು ಹಸಿ.
ಗಂಟಲು ಹಸಿಯಾದರೆ ಗುರ್‌ಗುರ್.
ಗುರ್‌ಗುರ್ ಅಂದರೆ ಪಾಪು ನಿದ್ದೆ.
ಪಾಪು ಮಲಗಿದರೆ ನನಗೆ ಚೀಲವಿಲ್ಲ."

ಡೊಳ್ಳ ಒಂದು ಕಣ್ಣು ತೆರೆದ. ಅರ್ಧ.

"ನಿನ್ನನ್ನು ಅಟ್ಟಿಸಿಕೊಂಡು ಬರುವ ಹಾಗಿದ್ದರೆ ಬರುತ್ತಿದ್ದೆ," ಅಂದ. "ಏಳಲು ಆಗುವುದಿಲ್ಲ. ಹೊಟ್ಟೆ ಕೇಳು."

ಬೂದಿ ಕಿವಿ ಕೊಟ್ಟಳು. ಹೊಟ್ಟೆ ಗುಳುಗುಳು ಅಂತು.

"ದಿನಾ ಏನು ತಿನ್ನುತ್ತೀಯ?"

"ಬೆಳಿಗ್ಗೆ ಮೀನಿನ ಕರುಳು. ಮಧ್ಯಾಹ್ನ ಮೀನು ತೊಳೆದ ನೀರು. ಸಂಜೆ ಗಂಜಿಯ ತಿಳಿ. ಎಲ್ಲ ಹಸಿ, ಎಲ್ಲ ನೀರು. ನಡೆದರೆ ಒಳಗೆ ಕಡಲು ಅಲ್ಲಾಡುತ್ತದೆ. ಕಟುಂ ಅನ್ನುವಂಥದ್ದು ಒಂದು ಹಿಡಿ ಸಿಕ್ಕಿದರೆ ಏಳುತ್ತೇನೆ. ಸಿಗದಿದ್ದರೆ ಇಲ್ಲೇ."

ಬೂದಿ ಅವನ ಮುಖ ನೋಡಿದಳು. ಒಬ್ಬಳಿಗೆ ಬರೀ ಒಣ. ಒಬ್ಬನಿಗೆ ಬರೀ ಹಸಿ. ಊರು ತುಂಬ ದೊಡ್ಡ ತಲೆಗಳು. ಒಂದು ತಲೆಗೂ ಹೊಳೆಯಲಿಲ್ಲ.

"ಕೂತಿರು," ಅಂದಳು.

"ಮಲಗಿದ್ದೇನೆ," ಅಂದ ಡೊಳ್ಳ.

ಬೂದಿ ಮನೆಗೆ ಓಡಿದಳು. ಬಟ್ಟಲಿನಿಂದ ಬಾಯಿ ತುಂಬ ಬಿಸ್ಕತ್ತು ಹಿಡಿದಳು. ಓಡಿದಳು. ಡೊಳ್ಳನ ಮೂಗಿನ ಮುಂದೆ ಉಗಿದಳು. ಕಟುಂ ಕುಟುಂ. ಮತ್ತೆ ಓಡಿದಳು, ಮತ್ತೆ ಹಿಡಿದಳು, ಮತ್ತೆ ಉಗಿದಳು. ಕಟುಂ ಕುಟುಂ.

ಇತ್ತ ಕಮಲಾಕ್ಷಮ್ಮ ಬಟ್ಟಲು ನೋಡಿದಳು. ಖಾಲಿ. ತುಂಬಿದಳು. ತಿರುಗಿ ನೋಡಿದಳು. ಖಾಲಿ.

"ನೋಡಿದಿರಾ," ಅಂದಳು ಗೋಡೆಗೆ. "ಈಗ ರುಚಿ ಹತ್ತಿತು. ನಾನು ಹೇಳಿರಲಿಲ್ಲವಾ?" ಮತ್ತೆ ತುಂಬಿದಳು. ಚೀಲದ ಬಾಯಿಗೆ ಕಟ್ಟುವ ದಾರವನ್ನೂ ಹುಡುಕಿ ಇಟ್ಟುಕೊಂಡಳು. ಹೊರಗೆ ಬಿಸಿಲು ಕೆಂಪಾಯಿತು.

ಡೊಳ್ಳನ ಹೊಟ್ಟೆ ಗುಳು ಅಂತು. ಗು ಅಂತು. ಸುಮ್ಮನಾಯಿತು. ಡೊಳ್ಳ ಬಾಲ ಎತ್ತಿದ. ಬೆನ್ನು ಎತ್ತಿದ. ಎದ್ದ.

ಡೊಳ್ಳ ಎದ್ದ, ನಾರು ಅಜ್ಜಿಗೆ ಸಿಕ್ಕಿತು.
ನಾರು ಸಿಕ್ಕಿತು, ಅಜ್ಜಿ ಹಗ್ಗ ಹೊಸೆದಳು.
ಹಗ್ಗ ಹೊಸೆದಳು, ಕೊಡ ಬಾವಿಗೆ ಇಳಿಯಿತು.
ಕೊಡ ಇಳಿಯಿತು, ನೀರು ಮೇಲೆ ಬಂತು.
ನೀರು ಬಂತು, ದಾವಲಣ್ಣನ ಸಾಣೆ ತಿರುಗಿತು.
ಸಾಣೆ ತಿರುಗಿತು, ಮಾಸ್ತಮ್ಮನ ಕತ್ತಿ ಹರಿತವಾಯಿತು.
ಕತ್ತಿ ಹರಿತವಾಯಿತು, ಬಂಗಡೆ ತುಂಡಾಯಿತು.
ಬಂಗಡೆ ತುಂಡಾಯಿತು, ತಲೆ ಬೂದಿಗೆ ಬಂತು.

ಒಂದು ತಲೆ. ಲೊಚ ಲೊಚ. ಇನ್ನೊಂದು ತಲೆ. ಲೊಚ ಲೊಚ.

"ನಿಧಾನ ತಿನ್ನೇ," ಅಂದಳು ಮಾಸ್ತಮ್ಮ. "ಮುಳ್ಳು ಸಿಕ್ಕಿದರೆ ಅದಕ್ಕೂ ನನ್ನ ಕತ್ತಿಯನ್ನೇ ದೂರುತ್ತೀಯ."

ಊರಲ್ಲಿ ಒಂದೊಂದೇ ದೀಪ ಹತ್ತಿತು. ಬೂದಿ ಓಡಿದಳು. ಬಾಗಿಲಲ್ಲಿ ಕಮಲಾಕ್ಷಮ್ಮ ನಿಂತಿದ್ದಳು. ಒಂದು ಕೈಯಲ್ಲಿ ದಾರ, ಒಂದು ಕೈಯಲ್ಲಿ ಚೀಲ, ಚೀಲದ ಬಾಯಿ ಅಗಲ. ಒಳಗೆ ಪಾಪು ಅಳುತ್ತಿತ್ತು.

ಬೂದಿ ಕಾಲ ಸಂದಿಯಲ್ಲಿ ನುಗ್ಗಿದಳು. ತೊಟ್ಟಿಲಿಗೆ ಹಾರಿದಳು. ಪಾಪುವಿನ ಕಾಲ ಬುಡದಲ್ಲಿ ಸುತ್ತಿ ಕೂತಳು. ಬಾಯಿ ತೆರೆದಳು.

ಕರ್.

ಕಮಲಾಕ್ಷಮ್ಮ ಚೀಲ ಮುಂದೆ ತಂದಳು.

ಬೂದಿ ಮೀಸೆಗೆ ಅಂಟಿದ ಮೀನಿನ ರಸ ನೆಕ್ಕಿದಳು. ನುಂಗಿದಳು. ಮತ್ತೆ ಅಂದಳು.

ಕರ್... ಗರ್... ಗುರ್. ಗುರ್‌ಗುರ್. ಗುರ್‌ಗುರ್‌ಗುರ್.

ಪಾಪುವಿನ ಅಳು ನಿಂತಿತು. ಬೆರಳು ಬಾಯಿಗೆ ಹೋಯಿತು. ಕಣ್ಣು ಮುಚ್ಚಿತು.

ಚೀಲ ಕೆಳಗಿಳಿಯಿತು.

ಮಾರನೆಯ ದಿನ ಮಾಸ್ತಮ್ಮ ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು. ಬುಟ್ಟಿಯಿಂದ ನೀರು ತೊಟತೊಟ. ಕಮಲಾಕ್ಷಮ್ಮ ಓಡಿ ಬಂದಳು. "ಟೈಲ್ಸ್, ಟೈಲ್ಸ್," ಅಂದಳು. ಕೈಗೆ ಸಿಕ್ಕಿದ್ದು ಗೋಣಿಚೀಲ. ಅದನ್ನೇ ಹೊಸ್ತಿಲ ಬಳಿ ಹಾಸಿದಳು. ಮಾಸ್ತಮ್ಮ ಚೀಲದ ಮೇಲೆ ಎರಡು ಬಂಗಡೆ ತಲೆ ಇಟ್ಟಳು. ಬೂದಿ ಚೀಲದ ಮೇಲೆ ಕೂತು ತಿಂದಳು. ಒಂದು ಹನಿಯೂ ಟೈಲ್ಸ್‌ಗೆ ಹೋಗಲಿಲ್ಲ.

ಒಂದು ಚೀಲ ಹಾಸುವಷ್ಟು ಸುಲಭ. ಇಷ್ಟು ಹೊಳೆಯಲು ಊರೆಲ್ಲ ಓಡಬೇಕಾಯಿತು.

ಅಂದಿನಿಂದ ಬೆಳಿಗ್ಗೆ ಬಿಸ್ಕತ್ತು, ಕಟುಂ ಕುಟುಂ. ಅರ್ಧ ಬೂದಿಗೆ, ಅರ್ಧ ಕಿಟಕಿಯ ಹೊರಗೆ ಕಾಯುವ ಡೊಳ್ಳನಿಗೆ. ಸಂಜೆ ಚೀಲದ ಮೇಲೆ ಮೀನು, ಲೊಚ ಲೊಚ. ರಾತ್ರಿ ಗುರ್‌ಗುರ್.

ಕಮಲಾಕ್ಷಮ್ಮ ಈಗಲೂ ಊರಿಗೆಲ್ಲ ಪಾಕೀಟು ತೋರಿಸುತ್ತಾಳೆ. "ಎಲ್ಲ ಇದರ ಗುಣ," ಅನ್ನುತ್ತಾಳೆ. ಅನ್ನಲಿ ಬಿಡಿ. ಪಾಕೀಟಿನ ಬೆಕ್ಕು ಇನ್ನೂ ಒಂದು ಸಲವೂ ಗುರ್ ಅಂದಿಲ್ಲ.

ಕತೆ ಅಷ್ಟೇ. ಈಗ ಬಟ್ಟಲು ನೋಡಿಕೊಳ್ಳಿ. ಸಾರೂ ಇದೆ, ಹಪ್ಪಳವೂ ಇದೆ. ಹಪ್ಪಳ ಮಾತ್ರ ಮುರಿದು ತಿಂದು ಏಳುವವರು ಯಾರು? ಅವರಿಗೆ ಹೇಳಿಬಿಡುತ್ತೇನೆ. ಆ ಗೋಣಿಚೀಲ ಖಾಲಿ ಇಲ್ಲ, ಅದರ ಮೇಲೆ ಬೂದಿ ಮಲಗಿದ್ದಾಳೆ. ಹೊಳೆಯ ಆಚೆ ಹೋಗಲು ನಿಮ್ಮ ಚೀಲ ನೀವೇ ಹುಡುಕಿಕೊಳ್ಳಬೇಕು.