ಏಳು ಗಂಟು, ಒಂದು ಕತ್ತೆ

"ಅಮ್ಮಾ, ನಮ್ಮದು ಏಳು ತಲೆಮಾರಿನ ಗೌರವಸ್ಥ ಮನೆತನ. ಊರಿನ ಕೆರೆಯನ್ನು ಕಟ್ಟಿಸಿದವರು ನಮ್ಮ ಮುತ್ತಜ್ಜ. ನಮ್ಮವರು ಕೊಟ್ಟ ಮಾತಿಗೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ನಾನೂ ಸೋಮವಾರದಿಂದ ಶನಿವಾರದವರೆಗೆ ಮದ್ಯವನ್ನು ಮುಟ್ಟುವುದಿಲ್ಲ. ಭಾನುವಾರ ಮಾತ್ರ ಕುಡಿಯುತ್ತೇನೆ. ಕಳೆದ ಭಾನುವಾರ ತಮ್ಮನ ಮದುವೆಯ ಚಪ್ಪರದಲ್ಲಿ ಬಿದ್ದೆ. ಎತ್ತಲು ಬಂದ ಹೆಂಡತಿಯನ್ನು ಎಲ್ಲರೆದುರು ಬೈದೆನಂತೆ, ನನಗೆ ನೆನಪಿಲ್ಲ. ಅವಳು ತವರಿಗೆ ಹೋಗಿದ್ದಾಳೆ. ಕುಡುಕನ ಮನೆಗೆ ಬರುವುದಿಲ್ಲ ಎಂದು ಹೇಳಿ ಕಳುಹಿಸಿದ್ದಾಳೆ. ವಾರಕ್ಕೆ ಒಂದೇ ದಿನ ಕುಡಿಯುವವನು ಕುಡುಕನೇ?" ಎಂದು ಶಿಷ್ಯನು ಕೇಳಿದನು.

ಗುರುಮಾತೆ ಅವನಿಗೆ ಮೊದಲು ನೆಟ್ಟಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಒಬ್ಬ ಜವಳಿ ವ್ಯಾಪಾರಿಯಿದ್ದನು. ಅವನ ಮನೆತನವೂ ದೊಡ್ಡದೇ. ಅವನು ದಿನಕ್ಕೊಂದು ಗಂಟು ಬಟ್ಟೆಯನ್ನು ಕತ್ತೆಯ ಮೇಲೆ ಹೇರಿ ಹೊಳೆ ದಾಟಿಸುತ್ತಿದ್ದನು. ಕತ್ತೆ ಬಡವಾಯಿತು. ವೈದ್ಯರು ನೋಡಿ, ಹೊರೆಯನ್ನು ಇಳಿಸಬೇಕು ಎಂದರು. ವ್ಯಾಪಾರಿ ಒಪ್ಪಿದನು. ಆರು ದಿನ ಕತ್ತೆಯನ್ನು ಕಟ್ಟಿ ಹುಲ್ಲು ಹಾಕಿದನು. ನನ್ನ ಕತ್ತೆಗೆ ವಾರಕ್ಕೆ ಒಂದೇ ದಿನ ಕೆಲಸ ಎಂದು ನೆರೆಯವರ ಮುಂದೆ ಹೇಳಿಕೊಂಡನು. ಏಳನೆಯ ದಿನ ಏಳೂ ಗಂಟುಗಳನ್ನು ಹೇರಿದನು.

ಅವು ಆಚೆ ದಡದ ಒಂದು ಮದುವೆಯ ಬಟ್ಟೆಗಳು. ಆರು ಗಂಟು ಬಿಳಿ ಪಂಚೆ, ಒಂದು ಗಂಟು ಕೆಂಪು ಸೀರೆ. ಕತ್ತೆ ಹೊಳೆಯ ನಡುವಿನವರೆಗೆ ನಡೆಯಿತು. ಅಲ್ಲಿ ನಿಂತು ಒಮ್ಮೆ ಕಿವಿ ಕೊಡವಿತು. ಬಳಿಕ ಸುಖವಾಗಿ ನೀರಿನಲ್ಲಿ ಕುಳಿತುಬಿಟ್ಟಿತು. ಸೀರೆಗಳ ಬಣ್ಣ ಹರಿದು ಪಂಚೆಗಳೆಲ್ಲ ಗುಲಾಬಿಯಾದವು. ಮುಹೂರ್ತ ಕಾಯುವುದಿಲ್ಲ. ವರನೂ ಅವನ ತಂದೆಯೂ ಪುರೋಹಿತರೂ ಗುಲಾಬಿ ಪಂಚೆ ಉಟ್ಟು ಸಾಲಾಗಿ ನಿಂತರು. ವಧುವು ನಗು ತಡೆಯಲಾರದೆ ಮಾಲೆಯನ್ನು ಪುರೋಹಿತರ ಕೊರಳಿಗೆ ಹಾಕಹೋದಳು.

ವ್ಯಾಪಾರಿ ಮನೆಗೆ ಬಂದು ಕತ್ತೆಯನ್ನು ಬೈದನು. "ಆರು ದಿನ ಕೂರಿಸಿ ಮೇಯಿಸಿದೆ. ಕೃತಘ್ನ ಪ್ರಾಣಿ."

ಅವನ ಹೆಂಡತಿ ಕತ್ತೆಗೆ ಹುಲ್ಲು ಹಾಕುತ್ತ ಹೇಳಿದಳು: "ಮಹಾರಾಯರೇ, ಹೊರೆ ಇಳಿಸಿ ಎಂದರೆ ನೀವು ದಿನ ಇಳಿಸಿದಿರಿ. ಅದರ ಬೆನ್ನಿಗೆ ವಾರ ಗೊತ್ತಿಲ್ಲ, ಗಂಟು ಗೊತ್ತು. ಆ ವೈದ್ಯರು ನಿಮ್ಮ ತಲೆಯನ್ನೂ ಒಮ್ಮೆ ನೋಡಬೇಕಿತ್ತು."

ಗುಲಾಬಿ ಪುರೋಹಿತರನ್ನು ನೆನೆದು ಶಿಷ್ಯನು ಕಣ್ಣೀರು ಬರುವಷ್ಟು ನಕ್ಕನು. ನಗುತ್ತಲೇ ಬೆರಳು ಮಡಿಸಿ ಏನನ್ನೋ ಎಣಿಸಿದನು. ನಗು ನಿಂತಿತು.

"ಅಮ್ಮಾ, ಭಾನುವಾರ ನಾನು ಏಳು ಲೋಟ ಕುಡಿದಿದ್ದೆ."

"ನಿನ್ನ ಯಕೃತ್ತಿಗೂ ವಾರ ಗೊತ್ತಿಲ್ಲ," ಎಂದರು ಗುರುಮಾತೆ. "ಅದು ಲೋಟಗಳನ್ನು ತನ್ನ ನಡಿಗೆಯಲ್ಲೇ ಒಂದೊಂದಾಗಿ ದಾಟಿಸುತ್ತದೆ. ದಿನಕ್ಕೊಂದೇ ಗಂಟಾದರೂ ಕತ್ತೆ ಬಡವಾಗಿತ್ತು ಎಂಬುದನ್ನೂ ಮರೆಯಬೇಡ."

ಶಿಷ್ಯನ ಮುಖ ಮತ್ತೆ ಅರಳಿತು. "ಹಾಗಾದರೆ ಇನ್ನು ಕುಡಿಯುವುದೇ ಇಲ್ಲ. ಅವಳು ಮನೆಗೆ ಬರಲಿ ಎಂದು ಇವತ್ತೇ ಹೇಳಿ ಕಳುಹಿಸುತ್ತೇನೆ."

"ಹೇಳಿ ಕಳುಹಿಸಬೇಡ; ನೀನೇ ಅವಳ ತವರಿಗೆ ಹೋಗಿ, ಎಲ್ಲರೆದುರು ಕ್ಷಮೆ ಕೇಳು."