ನೀಲಿ ಬಸ್ಸಿನ ಎರಡನೇ ಬ್ಯಾಟರಿ

ಹರಿಹರದ ಹೊಳೆದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅದೇ ಆಶ್ರಮ. ಗುರುಗಳಿಗೆ ಕಾವಿ ಇಲ್ಲ, ಗ್ರೀಸು ಮೆತ್ತಿದ ಲುಂಗಿ. ಹೆಸರು ಹುಸೇನಪ್ಪ, ವಾಹನಗಳ ವೈರಿಂಗ್ ಮೇಸ್ತ್ರಿ. ನಗಬೇಡಿ, ಮುಂದೆ ಕೇಳಿ.

ಶಿಷ್ಯೆ ನೀಲಗಂಗಾ. ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದು ಒಂದೂವರೆ ವರ್ಷ. ದಿನಾ ಬೆಳಗ್ಗೆ ಅವಳದು ಒಂದೇ ಪ್ರಶ್ನೆ.

"ನಾನು ಯಾವಾಗ ಮೇಸ್ತ್ರಿ ಆಗೋದು ಗುರುಗಳೇ?"

"ಮೊದಲು ಟೀ ಕುಡಿ," ಅನ್ನೋರು ಅವರು.

ಒಂದು ಬೆಳಗ್ಗೆ ಶೆಡ್ಡಿನ ಮುಂದೆ ನೀಲಿ ಮಿನಿಬಸ್ಸೊಂದು ಬಂದು ನಿಂತಿತು. ಏನು ಚಂದ ಅಂತೀರಿ! ಒಳಗೆ ಮಂಚ, ಒಲೆ, ಫ್ಯಾನು, ಕಿಟಕಿಗೆ ಪರದೆ. ಹಳೇ ಬಸ್ಸನ್ನೇ ಮನೆ ಮಾಡಿಕೊಂಡು ಹೊರಟವರು ಶಿವಲಿಂಗಯ್ಯ ಮತ್ತು ಅವರ ಹೆಂಡತಿ ಅನಸೂಯಮ್ಮ.

ಅನಸೂಯಮ್ಮ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟ ಟೀಚರು. ಸಮುದ್ರ ಮಾತ್ರ ಕಂಡಿಲ್ಲ. ಈಗ ಶ್ವಾಸಕೋಶ ಸೋತಿದೆ. ಮಲಗುವಾಗ ಆಕ್ಸಿಜನ್ ಮಷೀನು ಬೇಕೇ ಬೇಕು.

"ಈ ಬಸ್ಸಲ್ಲಿ ಎರಡು ಬ್ಯಾಟರಿ," ಅಂದರು ಶಿವಲಿಂಗಯ್ಯ. "ಒಂದು ಎಂಜಿನ್ನಿಗೆ, ಇನ್ನೊಂದು ಮನೆಗೆ. ಇವಳ ಮಷೀನು ಓಡೋದು ಮನೆ ಬ್ಯಾಟರಿ ಮೇಲೆ. ಗಾಡಿ ದಿನವಿಡೀ ಓಡಿಸಿದ್ರೂ ಅದು ಚಾರ್ಜೇ ಆಗಲ್ಲ. ತಿಂಗಳಿಂದ ಇದೇ ಗೋಳು. ಎರಡು ಸಲ ಹೊಸದು ಹಾಕಿಸ್ದೆ. ನಿನ್ನೆ ಯಾರದೋ ಮನೆ ಜಗಲೀಲಿ ಪ್ಲಗ್ ಹಾಕ್ಕೊಂಡು ಮಲಗಿದ್ಲು. ಇವತ್ತು ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಊರಿಗೆ."

"ಸಮುದ್ರ ಎಲ್ಲಿಗೂ ಹೋಗಲ್ಲ ಬಿಡಿ," ಅಂದರು ಅನಸೂಯಮ್ಮ. ಹಾಗಂದು ಮುಖ ಆ ಕಡೆ ತಿರುಗಿಸಿಕೊಂಡರು.

ಗುರುಗಳು ವೋಲ್ಟ್ ಅಳೆಯುವ ಮೀಟರನ್ನು ಶಿಷ್ಯೆಯ ಕೈಗಿಟ್ಟರು.

"ನೀನೇ ನೋಡು."

ಅಬ್ಬಾ! ಒಂದೂವರೆ ವರ್ಷಕ್ಕೆ ಮೊದಲ ಸಲ! ನೀಲಗಂಗಾ ಒಂದೇ ನೆಗೆತಕ್ಕೆ ಬಸ್ಸಿನೊಳಗಿದ್ದಳು.

ಎಂಜಿನ್ ಚಾಲೂ ಮಾಡಿಸಿ ಅದರ ಹತ್ತಿರ ಅಳೆದಳು. ಹದಿನಾಲ್ಕು ವೋಲ್ಟು. ಮನೆ ಬ್ಯಾಟರಿಗೆ ಬರುವ ವೈರುಗಳನ್ನು ಬಿಚ್ಚಿ ಬರೀ ತುದಿ ಅಳೆದಳು. ಅಲ್ಲೂ ಹದಿನಾಲ್ಕು.

"ವೈರೆಲ್ಲ ಸರಿ ಐತೆ ಗುರುಗಳೇ! ಬ್ಯಾಟರಿನೇ ಕೆಟ್ಟಿರೋದು. ಮೂರನೇದು ಹಾಕ್ಬೇಕು."

ಶಿವಲಿಂಗಯ್ಯ ಹಣೆ ಹಣೆ ಚಚ್ಚಿಕೊಂಡರು.

ಗುರುಗಳು ಮೂಲೆಯಲ್ಲಿದ್ದ ಮರದ ಸ್ಟೂಲು ತಂದು ಅವಳ ಮುಂದಿಟ್ಟರು.

"ಹೆಂಗೈತೆ?"

ಅವಳು ಸುತ್ತ ಬಂದು ನೋಡಿದಳು. "ಚೆನ್ನಾಗೈತೆ. ನಾಕು ಕಾಲು, ಹೊಸಾ ಪಾಲಿಷು."

"ಕೂತ್ಕೋ."

ಕೂತಳು. ಲಟಕ್! ಸ್ಟೂಲಿನ ಕಾಲೊಂದು ಕಡೆ, ನೀಲಗಂಗಾ ಒಂದು ಕಡೆ. ಅನಸೂಯಮ್ಮ ಕೆಮ್ಮುತ್ತಲೇ ನಕ್ಕರು.

ಅವಳು ನೆಲದ ಮೇಲೆ ಹಾಗೇ ಕೂತಿದ್ದಳು. ಆಮೇಲೆ ಕಣ್ಣು ಇಷ್ಟಗಲ ಆಯಿತು.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಕೂರದೇನೇ ಅಳೆದೆನಲ್ಲ!"

ಎದ್ದು ಓಡಿದಳು. ವೈರುಗಳನ್ನು ಬ್ಯಾಟರಿಗೆ ಮತ್ತೆ ಕಟ್ಟಿದಳು. ಫ್ಯಾನು, ಲೈಟು, ಆಕ್ಸಿಜನ್ ಮಷೀನು, ಎಲ್ಲ ಒಟ್ಟಿಗೆ ಹಾಕಿದಳು. ಈಗ ವೈರಿನ ಮೇಲೆ ಭಾರ ಬಿತ್ತು. ಎಂಜಿನ್ ಹತ್ತಿರ ಹದಿನಾಲ್ಕೇ. ಬ್ಯಾಟರಿ ಹತ್ತಿರ ಹನ್ನೆರಡು!

"ದಾರೀಲಿ ಎಲ್ಲೋ ತಡೀತೈತೆ!"

ಬಸ್ಸಿನ ಅಡಿಗೆ ನುಗ್ಗಿದಳು. ಒಂದೊಂದೇ ಜೋಡಣೆ ಮುಟ್ಟುತ್ತಾ ಹೋದಳು. ತಣ್ಣಗಿದೆ, ತಣ್ಣಗಿದೆ. ಬ್ಯಾಟರಿಯ ಅರ್ತ್ ವೈರು ಬಸ್ಸಿನ ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಸೇರುವ ಬೋಲ್ಟು ಮುಟ್ಟಿದಳು. ಚುರ್ ಅಂತು.

ಬೋಲ್ಟು ಬಿಚ್ಚಿದರೆ ಅಡಿಯಲ್ಲಿ ದಪ್ಪಗೆ ನೀಲಿ ಬಣ್ಣ.

"ಇಲ್ಲಿ ಬಣ್ಣ ಹಚ್ಚಿದ್ಯಾರು?"

"ನಾನೇ ಕಣಮ್ಮ," ಅಂದರು ಶಿವಲಿಂಗಯ್ಯ. "ಬೋಲ್ಟೆಲ್ಲ ಬಿಚ್ಚಿ, ಅಡಿಗೂ ಬಳಿದು, ಮತ್ತೆ ಹಾಕ್ದೆ. ಇವಳಿಗೆ ಈ ಬಣ್ಣ ಅಂದ್ರೆ ಇಷ್ಟ. ಅಟ್ಲಾಸಿನಲ್ಲಿ ಸಮುದ್ರಕ್ಕೆ ಇದೇ ಬಣ್ಣವಂತೆ."

"ಬಣ್ಣ ಕರೆಂಟು ಬಿಡಲ್ಲ ಅಜ್ಜಾ! ಅಟ್ಲಾಸೇ ಅಡ್ಡ ಬಂದೈತೆ!"

ಉಪ್ಪುಕಾಗದ ಹಿಡಿದು ಕಬ್ಬಿಣ ಫಳಫಳ ಹೊಳೆಯೋತನಕ ಉಜ್ಜಿದಳು. ಬೋಲ್ಟು ಬಿಗಿದಳು. ಎಲ್ಲ ಹಾಕಿಟ್ಟೇ ಮತ್ತೆ ಅಳೆದಳು. ಹದಿನಾಲ್ಕಕ್ಕೆ ಒಂಚೂರು ಕಮ್ಮಿ!

"ಹತ್ತಿತು! ಚಾರ್ಜು ಹತ್ತಿತು ಗುರುಗಳೇ!"

ಶಿವಲಿಂಗಯ್ಯ ನಗುತ್ತಲೇ ಕಣ್ಣೊರೆಸಿಕೊಂಡರು. "ಎತ್ತಿಗೆ ಜ್ವರ ಬಂದಿದ್ರೆ ಎಮ್ಮೆಗೆ ಎರಡೆರಡು ಸಲ ಬರೆ ಹಾಕಿಸಿದ್ನಲ್ಲಪ್ಪ!"

ಅನಸೂಯಮ್ಮ ನಿಧಾನಕ್ಕೆ ಇಳಿದು ಬಂದು ನೀಲಗಂಗಾಳ ಮಸಿ ಕೈ ಹಿಡಿದುಕೊಂಡರು.

"ಘಟ್ಟ ಇಳಿದು ಸಮುದ್ರ ಸೇರೋಕೆ ಎರಡು ದಿನ. ನಾನು ಮಲಗಿದ್ದಾಗ ಮಷೀನು ನಿಲ್ಲಲ್ಲ ಅಲ್ವಾ ಮಗಳೇ?"

"ನಿಲ್ಲಲ್ಲಮ್ಮ. ಗಟ್ಟಿಯಾಗಿ ಹೇಳ್ತೀನಿ." ಹೇಳಿದ ಮೇಲೆ ಬಗ್ಗಿ ಆ ಬೋಲ್ಟನ್ನು ಇನ್ನೊಮ್ಮೆ ಬಿಗಿದು ನೋಡಿದಳು.

ಆದರೂ ಖುಷಿ ತಡೆಯಲಿಲ್ಲ. ಗುರುಗಳ ಕಡೆ ತಿರುಗಿದಳು.

"ಈಗಲಾದ್ರೂ ನಾನು ಮೇಸ್ತ್ರಿನಾ?"

ಗುರುಗಳು ಅವಳ ಬುತ್ತಿ ಡಬ್ಬಿ, ಸ್ಪ್ಯಾನರ್ ಚೀಲ ಎತ್ತಿಕೊಂಡು ಬಂದು ಬಸ್ಸಿನ ಮೆಟ್ಟಿಲ ಮೇಲಿಟ್ಟರು.

"ಸಮುದ್ರದ ತನಕ ಇವರ ಜೊತೆ ಹೋಗಿ ಬಾ, ನಿಮ್ಮವ್ವಗೆ ನಾನು ಹೇಳ್ತೀನಿ," ಅಂದರು. "ಸ್ಟೂಲು ಚೆನ್ನಾಗೈತೆ ಅಂದ್ಯಲ್ಲ, ಕೂತ್ಕೋ."