ಬೂದಿಗೆರೆ ಮತ್ತು ನುಸಿ

ಕಂಪ್ಯೂಟರಿನ ಕಡತವನ್ನು ಯಾರಾದರೂ ತಿದ್ದಿದರೆ ಕೂಗಿಕೊಳ್ಳುವ ಕಾವಲು ತಂತ್ರಾಂಶಕ್ಕೆ ಒಬ್ಬ ಮುತ್ತಜ್ಜಿ ಇದ್ದಾಳೆ: ಕಣದಲ್ಲಿ ಜೋಳದ ರಾಶಿಯ ಮೇಲೆ ಎಳೆಯುವ ಬೂದಿಗೆರೆ. ಕಳ್ಳ ಒಂದು ಬೊಗಸೆ ತೆಗೆದರೂ ಕಾಳು ಜಾರಿ ಗೆರೆ ಮುರಿಯುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ.

ಒಂದು ಮುಂಜಾನೆ ರಾಶಿಯೊಳಗಿಂದ ಕರಕರ ಸದ್ದು ಕೇಳಿ ಗೆರೆಗೆ ಕುತೂಹಲವಾಯಿತು.

"ಒಳಗೆ ಯಾರು?"

"ನಾನು, ನುಸಿ. ಕಾಳಿನ ತಿರುಳು ತಿನ್ನುತ್ತಿದ್ದೇನೆ."

"ನನ್ನನ್ನು ದಾಟದೆ ಹೇಗೆ ಬಂದೆ?"

"ದಾಟುವುದೇಕೆ? ನಿನ್ನನ್ನು ಎಳೆಯುವಾಗಲೇ ನಾನು ಕಾಳಿನೊಳಗಿದ್ದೆ."

"ನೀನು ತಿಂದರೆ ರಾಶಿ ಕುಸಿಯಬೇಕಲ್ಲ?"

"ಸಿಪ್ಪೆ ಹಾಗೇ ಬಿಡುತ್ತೇನೆ. ಹೊರಗಿನಿಂದ ಎಲ್ಲವೂ ನಿನ್ನೆಯಂತೆಯೇ ಇರುತ್ತದೆ."

ಗೆರೆ ಯೋಚಿಸಿತು. ಮನೆಯವರಿಗೆ ಸುದ್ದಿ ಮುಟ್ಟಿಸಲು ಮುರಿಯುವುದೊಂದೇ ಅದಕ್ಕೆ ಬರುವ ಮಾತು. "ಹಾಗಾದರೆ ಒಂದು ಉಪಕಾರ ಮಾಡು. ಮೇಲೆ ಬಂದು ನನ್ನನ್ನು ಸ್ವಲ್ಪ ಕೆದಕು."

"ನನಗೇನು ಹುಚ್ಚೇ?" ಎಂದು ನುಸಿ ಮತ್ತೆ ತಿನ್ನತೊಡಗಿತು.

ಅಷ್ಟರಲ್ಲಿ ರಾಶಿಯ ಒಡತಿ ನೀಲಗಂಗವ್ವ ಬಂದು ಗೆರೆಯನ್ನು ಬಗ್ಗಿ ನೋಡಿದಳು. "ಒಂದು ಕಾಳೂ ಅಲುಗಿಲ್ಲ, ಭೇಷ್!" ಎಂದು ನಿಶ್ಚಿಂತೆಯಿಂದ ಹೊರಟಳು.

ಆ ದಿನ ಗೆರೆ ಮೊದಲ ಬಾರಿಗೆ, ಒಬ್ಬ ಕಳ್ಳನಾದರೂ ಬರಬಾರದೇ ಎಂದು ಹಂಬಲಿಸಿತು.